ಕೊಂಬಿನಲ್ಲಿ ಸಿಕ್ಕಿಬಿದ್ದ ಲೆಕ್ಕ

ದೊಡ್ಡಬಳ್ಳಾಪುರದಲ್ಲಿ ನಮ್ಮದು ನಾಲ್ಕು ಪವರ್‌ಲೂಮ್‌ಗಳ ಮನೆ. ಶನಿವಾರ ಸಂಜೆ ಕೂಲಿ ಬಟವಾಡೆ. ಹೋದ ತಿಂಗಳು ನಾನೇ ಪುಸ್ತಕದಲ್ಲಿ ಬರೆದಿದ್ದ ೭ನ್ನು ೬ ಎಂದು ಓದಿ, ಹಿರಿಯ ನೇಕಾರರೊಬ್ಬರಿಗೆ ಒಂದು ಸೀರೆಯ ಕೂಲಿ ಕಡಿಮೆ ಕೊಟ್ಟುಬಿಟ್ಟೆ. ಅವರು ಏನೂ ಅನ್ನಲಿಲ್ಲ. ಸೋಮವಾರ ಬಂದಾಗ ಮುಖ ಮಾತ್ರ ಬಾಡಿತ್ತು. ತಪ್ಪು ಗೊತ್ತಾದ ಮೇಲೆ ಎಂಟನೇ ಕ್ಲಾಸಿನ ಮೊಮ್ಮಗಳು, "ತಾತ, ಇನ್ನು ಕಂಪ್ಯೂಟರೇ ಲೆಕ್ಕ ಮಾಡಲಿ" ಎಂದು ಪೈಥಾನ್‌ನಲ್ಲಿ ಪುಟ್ಟ ಪ್ರೋಗ್ರಾಂ ಬರೆದಳು.

ನೋಟ್‌ಪ್ಯಾಡ್‌ನಲ್ಲಿ ಪಟ್ಟಿ ಸಿದ್ಧವಾಯಿತು: ಬುಟ್ಟಾ 12, ಸಾದಾ 9, ಚೌಕಳಿ 7. ಓಡಿಸಿದರೆ ಪರದೆಯ ತುಂಬ ಕೆಂಪು ಅಕ್ಷರ! 'ಐದನೇ ಸ್ಥಾನದಲ್ಲಿರುವ 81 ಎಂಬ ಬೈಟನ್ನು ಓದಲಾಗುತ್ತಿಲ್ಲ' ಎಂಬುದು ಅದರ ಸಾರ. ಅವಳ ಹತ್ತಿರ ಇದ್ದದ್ದು ಹಳೆಯ ಪುಸ್ತಕ. ಅದರ ಉದಾಹರಣೆಗಳೆಲ್ಲ ಇಂಗ್ಲಿಷ್ ಹೆಸರುಗಳೇ, ತಪ್ಪು ಬಂದರೆ ಏನು ಮಾಡಬೇಕೆಂದು ಒಂದು ಸಾಲೂ ಇಲ್ಲ. "ಎಲ್ಲವನ್ನೂ ಇಂಗ್ಲಿಷ್‌ನಲ್ಲೇ ಬರೆದುಬಿಡಲಾ?" ಎಂದಳು ಅಳುಮುಖ ಮಾಡಿಕೊಂಡು.

"ತಾಳು ಪುಟ್ಟಿ," ಎಂದೆ. ಸೆರಗಿನ ಹೂವು ಕೆಟ್ಟರೆ ನಾವು ಜಕಾರ್ಡಿನ ಕಾರ್ಡುಗಳನ್ನೆಲ್ಲ ಎಸೆಯುವುದಿಲ್ಲ. ಮಗ್ಗ ನಿಲ್ಲಿಸಿ, ಒಂದೊಂದೇ ಕಾರ್ಡು ನೋಡುತ್ತ ತೂತು ತಪ್ಪಿದ್ದನ್ನು ಹುಡುಕುತ್ತೇವೆ. ಹಾಗೆಯೇ ಒಂದೊಂದು ಸಾಲು ತೆಗೆದು ನೋಡಿದೆವು. ಬುಟ್ಟಾ ತೆಗೆದರೆ ಕೆಂಪು ಅಕ್ಷರ ಮಾಯ! ಆದರೆ 'ಸಾದಾ' ಇದ್ದ ಕಡೆ ಯಾವುದೋ ದೇಶದ ಸೊಟ್ಟ ಅಕ್ಷರಗಳು. ನನಗೆ ಇದೇ ಹೆಚ್ಚು ಭಯವಾಯಿತು. ಬೈದು ಹೇಳುವ ತಪ್ಪಿಗಿಂತ ಸುಮ್ಮನಿರುವ ತಪ್ಪು ಕೆಟ್ಟದ್ದು.

ಅವಳ ಕಂಪ್ಯೂಟರ್ ಮೇಷ್ಟ್ರಿಗೆ ಫೋನ್ ಮಾಡಿದಾಗ ಗುಟ್ಟು ತಿಳಿಯಿತು. ನೋಟ್‌ಪ್ಯಾಡ್ ಪಟ್ಟಿಯನ್ನು ಉಳಿಸಿದ್ದು ಯುಟಿಎಫ್-8 ಎಂಬ ಕ್ರಮದಲ್ಲಿ. ಅದರಲ್ಲಿ ಕನ್ನಡದ ಒಂದೊಂದು ಚಿಹ್ನೆಗೂ ಮೂರು ಬೈಟು. ನಮಗೆ 'ಬು' ಒಂದೇ ಅಕ್ಷರ. ಕಂಪ್ಯೂಟರಿಗೆ 'ಬ' ಬೇರೆ, ಕೊಂಬು ಬೇರೆ. ಸೊನ್ನೆಯಿಂದ ಎಣಿಸಿದರೆ 0, 1, 2 'ಬ'ಗೆ. 3, 4, 5 ಕೊಂಬಿಗೆ. ಐದನೇ ಸ್ಥಾನ ಅಂದರೆ ಕೊಂಬಿನ ಕೊನೆಯ ಬೈಟು! ನಮ್ಮ ವಿಂಡೋಸ್‌ನಲ್ಲಿ ಪೈಥಾನ್ ಅದನ್ನು ಓದುತ್ತಿದ್ದುದು ಪಶ್ಚಿಮ ಯುರೋಪಿನ ಲಿಪಿಗಳಿಗಾಗಿ ಮಾಡಿದ 1252 ಎಂಬ ಹಳೆಯ ಕೋಷ್ಟಕ ಹಿಡಿದು. ಅದರಲ್ಲಿ ಐದು ಮನೆ ಖಾಲಿ. ಕೊಂಬಿನ 81 ಅಂಥದ್ದೊಂದು ಖಾಲಿ ಮನೆ. ಒತ್ತಕ್ಷರ ಮಾಡುವ ಚಿಹ್ನೆಯ 8ಡಿ ಇನ್ನೊಂದು. ಪುಟ್ಟಿ 'ಅಕ್ಕ' ಎಂದಷ್ಟೇ ಬರೆದು ಪರೀಕ್ಷಿಸಿದಳು: ಎಂಟನೇ ಸ್ಥಾನದಲ್ಲಿ 8ಡಿ! ಮಕ್ಕಳೇ, ಬೆರಳು ಮಡಿಸಿ ನೀವೂ ಎಣಿಸಿ ನೋಡಿ.

ಫೈಲ್ ತೆರೆಯುವ ಸಾಲಿನಲ್ಲಿ 'ಎನ್‌ಕೋಡಿಂಗ್ ಯುಟಿಎಫ್-8' ಎಂದು ಸೇರಿಸಿದ್ದೇ ತಡ, ಕನ್ನಡ ಕನ್ನಡವಾಗಿಯೇ ಬಂತು. ಒಟ್ಟು 28 ಸೀರೆ. ಪುಸ್ತಕದ ಜೊತೆ ತಾಳೆ ನೋಡಿದೆ, ಈ ಸಲ ಕನ್ನಡಕ ಹಾಕಿಕೊಂಡು.

ಸಂಜೆ ಹಿರಿಯ ನೇಕಾರರಿಗೆ ಹಳೆಯ ಬಾಕಿಯನ್ನೂ ಸೇರಿಸಿ ಕೊಟ್ಟೆ. ಪುಟ್ಟಿ ಕೊಂಬಿನ ಕಥೆ ಹೇಳಿದಳು. ಅವರು ದುಡ್ಡು ಎಣಿಸುತ್ತಲೇ ನಕ್ಕರು: "ಬುಟ್ಟಾ ಅಂದ್ರೆ ಮಗ್ಗಕ್ಕೂ ಕಷ್ಟ, ಕಂಪ್ಯೂಟ್ರಿಗೂ ಕಷ್ಟಾನಾ ಯಜಮಾನ್ರೇ!"