ಅಡುಗೆ ಮಾಡಿದವರೂ ಮೊದಲ ಪಂಕ್ತಿಯಲ್ಲಿ

ಯುಗಾದಿಗೆ ಸರ್ಕಾರಿ ರಜೆ ಉಂಟು, ಮಾರನೆಯ ದಿನದ ಹೊಸತೊಡಕಿಗೆ ಇಲ್ಲ. ಆದರೆ ಮಂಡ್ಯ, ರಾಮನಗರ, ಮೈಸೂರು, ಬೆಂಗಳೂರು ಸುತ್ತಮುತ್ತಲ ಮಾಂಸ ತಿನ್ನುವ ಮನೆಗಳಿಗೆ ಎರಡೂ ದಿನ ಸೇರಿದರೇನೇ ಹಬ್ಬ. ಮೊದಲ ದಿನ ಬೇವು-ಬೆಲ್ಲ, ಒಬ್ಬಟ್ಟು. ಮಾರನೆಯ ದಿನ ಬಾಡೂಟ. ಊರಲ್ಲಿ ಬಾಡೂಟ ಮಧ್ಯಾಹ್ನಕ್ಕೇ ಆಗಿಬಿಡುತ್ತದೆ. ಕೆಂಗೇರಿಯ ನಮ್ಮ ಮನೆಯಲ್ಲಿ ಅದು ರಾತ್ರಿಗೆ ಸರಿದು ಬಹಳ ವರ್ಷವಾಯಿತು. ನಾನು ಹೈಸ್ಕೂಲ್ ಟೀಚರ್, ಅದು ಪರೀಕ್ಷೆಗಳ ಕಾಲ. ನಾದಿನಿಯರು, ಅವರ ಯಜಮಾನರು, ಎಲ್ಲರಿಗೂ ಅವತ್ತು ಕೆಲಸವಿರುತ್ತದೆ. ಸಂಜೆ ಮನೆ ಸೇರಿದ ಮೇಲೆ ಇಪ್ಪತ್ತು ಜನಕ್ಕೆ ಮಟನ್ ಸಾರು, ಮುದ್ದೆ, ಬೋಟಿ ಗೊಜ್ಜು ಬಡಿಸಬೇಕೆಂದರೆ ತಯಾರಿ ತಿಂಗಳ ಹಿಂದಿನಿಂದಲೇ ನಡೆಯಬೇಕು.

ಇಷ್ಟೆಲ್ಲ ಮೊದಲೇ ಯೋಚಿಸುವುದಕ್ಕೆ ನನಗೆ ಒಂದೇ ಕಾರಣ. ನನ್ನ ತವರು ಮಳವಳ್ಳಿ ಕಡೆ. ಹೊಸತೊಡಕಿನ ದಿನ ನನ್ನ ಅವ್ವ, ಚಿಕ್ಕವ್ವಂದಿರು ನೆಂಟರ ಜೊತೆ ಕೂತು ಉಂಡದ್ದನ್ನು ನಾನು ನೋಡಲೇ ಇಲ್ಲ. ಗಂಡಸರು, ಮಕ್ಕಳು, ಅಳಿಯಂದಿರು ಎದ್ದ ಮೇಲೆ ಅವರಿಗೆ ಉಳಿಯುತ್ತಿದ್ದದ್ದು ತಳದ ಸಾರು, ಆರಿದ ಮುದ್ದೆ. ದಿನವಿಡೀ ಹೊಗೆ ಕುಡಿದವರಿಗೆ ಅಷ್ಟು ಹೊತ್ತಿಗೆ ಹಸಿವೂ ಸತ್ತಿರುತ್ತಿತ್ತು. ನನ್ನ ಮನೆಯಲ್ಲಿ ಅಡುಗೆ ಮಾಡಿದವರು ಮೊದಲ ಪಂಕ್ತಿಯಲ್ಲೇ ಕೂರಬೇಕು. ಎಲೆ ಹಾಕುವ ಹೊತ್ತಿಗೆ ಒಲೆಯ ಮುಂದೆ ಯಾರಿಗೂ ಕೆಲಸ ಉಳಿದಿರಬಾರದು. ಮುಂದೆ ಹೇಳುವುದೆಲ್ಲ ಅದಕ್ಕಾಗಿಯೇ.

ಮೊದಲು ನೋಡಬೇಕಾದದ್ದು ಪಂಚಾಂಗ. ಯುಗಾದಿ ಚಾಂದ್ರಮಾನದ ಹಬ್ಬವಾದ್ದರಿಂದ ಇಂಗ್ಲಿಷ್ ತಾರೀಕು ವರ್ಷವರ್ಷ ಓಡಾಡುತ್ತದೆ. 2025ರಲ್ಲಿ ಮಾರ್ಚ್ 30ರ ಭಾನುವಾರ ಬಂತು, ಹೊಸತೊಡಕು ಸೋಮವಾರಕ್ಕೆ ಬಿತ್ತು. ಸೋಮವಾರ ಮಾಂಸ ಮುಟ್ಟದ ಮನೆಗಳು ಎಷ್ಟೋ. ಅವರೆಲ್ಲ ಮಂಗಳವಾರಕ್ಕೆ ಮುಂದೂಡಿದರು. ಅದೇ ಸೋಮವಾರ ರಂಜಾನ್ ಹಬ್ಬವೂ ಇತ್ತು. ಹೀಗಾದಾಗ ಮಾಂಸದಂಗಡಿಗೆ ಎರಡು ಹಬ್ಬದ ಗಿರಾಕಿಗಳು ಒಟ್ಟಿಗೇ ಬರುತ್ತಾರೆ. 2026ರ ಯುಗಾದಿ ಮಾರ್ಚ್ 19, ಗುರುವಾರ. ಮಾರನೆಯ ದಿನ ಶುಕ್ರವಾರ. ಆ ವರ್ಷ ಅಧಿಕ ಜ್ಯೇಷ್ಠ ಮಾಸ ಬರುವುದರಿಂದ 2027ರಲ್ಲಿ ಹಬ್ಬ ಏಪ್ರಿಲ್ 7ಕ್ಕೆ ಹೋಗುತ್ತದೆ. ನೆಂಟರಿಗೆ ಫೋನ್ ಮಾಡುವ ಮೊದಲು ವಾರ ಯಾವುದು, ಯಾರ ಮನೆಯಲ್ಲಿ ಯಾವ ವಾರ ತಿನ್ನುವುದಿಲ್ಲ ಎಂದು ನೋಡಿಕೊಳ್ಳಿ.

ಹೊತ್ತನ್ನು ನಮಗೆ ಚಂದ್ರನೇ ಗೊತ್ತುಮಾಡಿಕೊಡುತ್ತಾನೆ. ಬಿದಿಗೆಯ ಚಂದ್ರನನ್ನು ನೋಡಿ ಹಿರಿಯರ ಕಾಲಿಗೆ ಬೀಳುವುದು ನಮ್ಮ ಕಡೆಯ ಪದ್ಧತಿ. ಆ ದಿನಗಳಲ್ಲಿ ಬೆಂಗಳೂರಿನಲ್ಲಿ ಹೊತ್ತು ಮುಳುಗುವುದು ಸುಮಾರು ಆರೂವರೆಗೆ. ಚಂದ್ರ ಪಶ್ಚಿಮದಲ್ಲಿ ತೆಳ್ಳಗೆ ಕಂಡು ಬೇಗ ಇಳಿದುಬಿಡುತ್ತಾನೆ. ಹಾಗಾಗಿ ಎಲ್ಲರಿಗೂ "ಚಂದ್ರ ನೋಡೋಕೆ ಬನ್ನಿ" ಎಂದೇ ಕರೆಯುತ್ತೇನೆ. ಎಂಟಕ್ಕೆ ಊಟ ಎಂದರೆ ಒಂಬತ್ತಕ್ಕೆ ಬರುವವರೂ ಚಂದ್ರನಿಗಾಗಿ ಏಳರೊಳಗೆ ತಾರಸಿ ಮೇಲಿರುತ್ತಾರೆ.

ದುಡ್ಡಿನ ವಿಷಯದಲ್ಲಿ ನಮ್ಮ ಹಳ್ಳಿಗಳು ಪಟ್ಟಣಕ್ಕಿಂತ ಎಷ್ಟೋ ಮುಂದು. ಯುಗಾದಿ ಚೀಟಿ ಎಂದು ವರ್ಷವಿಡೀ ವಾರಕ್ಕೋ ತಿಂಗಳಿಗೋ ಇಷ್ಟೆಂದು ಕಟ್ಟುತ್ತಾರೆ. ಆ ದುಡ್ಡು ಕೂಡಿ ಬೆಳೆದು ಹಬ್ಬದ ಹೊತ್ತಿಗೆ ಕೈಗೆ ಬರುತ್ತದೆ, ಕೆಲವು ಕಡೆ ನೇರವಾಗಿ ಬಾಡಿನ ರೂಪದಲ್ಲೇ ಬರುತ್ತದೆ. ಇನ್ನೊಂದು ಗುಡ್ಡೆ ಬಾಡು. ಹತ್ತಾರು ಮನೆಯವರು ಸೇರಿ ಮರಿಗಳನ್ನು ತಂದು, ಬೆಳಗಿನ ಜಾವ ಕೊಯ್ದು, ಮೂಳೆ, ಮೆತ್ತನೆ ಮಾಂಸ, ಈಲಿ, ಕೊಬ್ಬು ಎಲ್ಲದರಲ್ಲೂ ಒಂದೊಂದು ಪಾಲು ಬರುವಂತೆ ಸಮನಾಗಿ ಗುಡ್ಡೆ ಹಾಕುತ್ತಾರೆ. ತಕ್ಕಡಿಯ ಕೆಲಸವಿಲ್ಲ, ಗುಡ್ಡೆಗೆ ಇಷ್ಟು ಎಂದು ರೇಟು. ಬಡವರ ಮನೆಗೂ ಅವತ್ತು ಒಳ್ಳೆಯ ತುಂಡು ಸೇರುವಂತೆ ಮಾಡಿದ ಈ ಏರ್ಪಾಟಿನ ಮೇಲೆ ನನಗೆ ತುಂಬ ಗೌರವ. ನಾವು ಅಕ್ಕತಂಗಿಯರು, ನಾದಿನಿಯರೂ ಇದೇ ದಾರಿ ಹಿಡಿದಿದ್ದೇವೆ: ತಿಂಗಳಿಗಿಷ್ಟು ಎಂದು ಒಬ್ಬರ ಹತ್ತಿರ ಕೂಡಿಡುತ್ತೇವೆ. ಹಬ್ಬ ಮಾಡುವ ಮನೆಯವರ ಮೇಲೇ ಪೂರ್ತಿ ಖರ್ಚು ಬೀಳುವುದಿಲ್ಲ.

ಖಾರದ ಪುಡಿ ತಿಂಗಳ ಮೊದಲೇ ಆಗಬೇಕು. ಆ ಹೊತ್ತಿಗೆ ಹೊಸ ಬ್ಯಾಡಗಿ ಮೆಣಸಿನಕಾಯಿ ಮಾರುಕಟ್ಟೆಗೆ ಬಂದಿರುತ್ತದೆ, ಬಿಸಿಲೂ ಚೆನ್ನಾಗಿರುತ್ತದೆ. ಬಣ್ಣಕ್ಕೆ ಬ್ಯಾಡಗಿ, ಖಾರಕ್ಕೆ ಸ್ವಲ್ಪ ಗುಂಟೂರು. ಐದು ಕಿಲೋ ಬಾಡಿಗೆ ನಾನು 250 ಗ್ರಾಂ ಧನಿಯ, 100 ಗ್ರಾಂ ಮೆಣಸಿನಕಾಯಿ ಲೆಕ್ಕ ಹಿಡಿಯುತ್ತೇನೆ. ಒಣಗಿಸಿ, ಬೇರೆಬೇರೆ ಹುರಿದು, ಗಿರಣಿಯಲ್ಲಿ ಪುಡಿ ಮಾಡಿಸಿ, ಪೂರ್ತಿ ಆರಿದ ಮೇಲೆ ಡಬ್ಬಿಗೆ. ರಾಗಿಯನ್ನೂ ಅದೇ ವಾರ ಬೀಸಿಸಿಬಿಡಿ. ಒಂದು ಕಿಲೋ ಹಿಟ್ಟಿಗೆ ಹದವಾದ ಗಾತ್ರದ ಹನ್ನೆರಡು ಮುದ್ದೆ ಬರುತ್ತದೆ. ಇಪ್ಪತ್ತು ಜನಕ್ಕೆ ಎರಡು ಕಿಲೋ ಹಿಟ್ಟು, ಒಂದೂವರೆ ಕಿಲೋ ಅಕ್ಕಿ ಸಾಕು.

ಬಾಡು ತಲೆಗೆ ಕಾಲು ಕಿಲೋ, ಮೂಳೆಯೂ ಸೇರಿ. ಹದಿನೈದು ದಿನ ಮೊದಲೇ ಅಂಗಡಿಯವರಿಗೆ ಹೇಳಿ ಮುಂಗಡ ಕೊಟ್ಟಿರಬೇಕು. ಹೊಸತೊಡಕಿನ ಬೆಳಗ್ಗೆ ಕತ್ತಲಿರುವಾಗಲೇ ಕ್ಯೂ ಶುರುವಾಗುತ್ತದೆ. ನಮ್ಮ ಅಂಗಡಿಯವರು ಕೇಳುವುದೇ ಹೀಗೆ: "ಅಕ್ಕ, ಸಾರಿಗೋ ಫ್ರೈಗೋ ಹೇಳ್ಬಿಡಿ, ಅದರಂಗೆ ಎತ್ತಿಡ್ತೀನಿ." ಆ ಪ್ರಶ್ನೆಯಲ್ಲಿ ಅರ್ಥವಿದೆ. ಕುತ್ತಿಗೆ, ಮುಂಗಾಲು, ಪಕ್ಕೆ ಇವುಗಳಲ್ಲಿ ನಾರು ಹೆಚ್ಚು. ನಿಧಾನವಾಗಿ ಬೆಂದಾಗ ಆ ನಾರೇ ಕರಗಿ ಸಾರಿಗೆ ಅಂಟು, ಗಟ್ಟಿತನ ಕೊಡುತ್ತದೆ. ಹಿಂದೊಡೆ ಕೈಮಕ್ಕೂ ಫ್ರೈಗೂ ಸರಿ. ನಮ್ಮ ಜಿಲ್ಲೆಯ ಬಂಡೂರು ಕುರಿ ಸಿಕ್ಕರೆ ಅದರ ಮುಂದೆ ಬೇರೆಯದಿಲ್ಲ ಎಂಬುದು ನನ್ನ ಅಭಿಪ್ರಾಯ. ಮಳವಳ್ಳಿ ತಾಲ್ಲೂಕಿನ ಬಂಡೂರಿನಿಂದ ಹೆಸರು ಪಡೆದ ಈ ಗಿಡ್ಡ ಕಾಲಿನ ಕುರಿಯ ಮಾಂಸದೊಳಗೇ ಕೊಬ್ಬು ಸೇರಿರುತ್ತದೆ, ಬೇಗ ಬೇಯುತ್ತದೆ. ಬೋಟಿ ಬೇಕಿದ್ದರೆ ಶುಚಿ ಮಾಡಿಯೇ ಕೊಡಿ ಎಂದು ಮೊದಲೇ ಹೇಳಿ. ಮನೆಗೆ ತಂದು ಬಿಸಿನೀರು, ಅರಿಶಿನ, ಉಪ್ಪು ಹಾಕಿ ಮತ್ತೆ ತೊಳೆಯುವುದು ಹೇಗೂ ಇದೆ. ತಲೆಕಾಲು ಸುಡಿಸುವ ಕೆಲಸವಂತೂ ಅಂಗಡಿಯಲ್ಲೇ ಆಗಲಿ.

ಪಾತ್ರೆಯನ್ನು ಮರೆಯಬೇಡಿ. ಐದು ಲೀಟರಿನ ಕುಕ್ಕರಿಗೆ ಐದು ಕಿಲೋ ಬಾಡು ಹಿಡಿಸುವುದಿಲ್ಲ. ಕುಕ್ಕರನ್ನು ಮೂರರಲ್ಲಿ ಎರಡು ಪಾಲಿಗಿಂತ ಹೆಚ್ಚು ತುಂಬಲೂಬಾರದು. ಶಾಮಿಯಾನದ ಅಂಗಡಿಯಲ್ಲಿ ದೊಡ್ಡ ಪಾತ್ರೆ, ಗ್ಯಾಸ್ ಒಲೆ ಬಾಡಿಗೆಗೆ ಸಿಗುತ್ತದೆ. ನಮ್ಮತ್ತೆಗೆ ದೇವರ ಮನೆಯ ಪಕ್ಕದ ಅಡುಗೆಮನೆಯಲ್ಲಿ ಬಾಡು ಬೇಯಿಸುವುದು ಒಗ್ಗುವುದಿಲ್ಲ, ಹಾಗಾಗಿ ನಮ್ಮ ಒಲೆ ಹೂಡುವುದು ತಾರಸಿಯ ಮೇಲೆ. ಅವರು ಮಾಂಸ ಬಿಟ್ಟಿದ್ದಾರೆ. ಅವರಿಗೂ, ತಿನ್ನದ ಇನ್ನಿಬ್ಬರು ನೆಂಟರಿಗೂ ಹಿಂದಿನ ದಿನದ ಒಬ್ಬಟ್ಟಿನ ಸಾರು, ಬೇರೆ ಪಾತ್ರೆ, ಬೇರೆ ಸೌಟು. ಆ ಸಾರು ಮಾರನೆಯ ದಿನಕ್ಕೇ ಹೆಚ್ಚು ರುಚಿ. ಮಿಕ್ಕ ಒಬ್ಬಟ್ಟಿಗೆ ತುಪ್ಪ ಸವರಿ ಬಿಸಿ ಮಾಡಿದರೆ ಸಿಹಿಯ ಚಿಂತೆಯೂ ಇಲ್ಲ.

ಯುಗಾದಿಯ ಸಂಜೆ, ಒಬ್ಬಟ್ಟಿನ ಗಡಿಬಿಡಿ ಮುಗಿದ ಮೇಲೆ, ಮೂರು ಕಿಲೋ ಈರುಳ್ಳಿ ಹೆಚ್ಚುತ್ತೇವೆ. ಅರ್ಧ ಒಗ್ಗರಣೆಗೆ, ಉಳಿದರ್ಧವನ್ನು ಬೆಳ್ಳುಳ್ಳಿ, ಶುಂಠಿ, ಚಕ್ಕೆ, ಲವಂಗ, ಗಸಗಸೆಯ ಜೊತೆ ಬಾಡಿಸಿ ರುಬ್ಬಿ ಫ್ರಿಜ್‌ಗೆ. ತೆಂಗಿನಕಾಯಿ ತುರಿದಿಟ್ಟರೆ ಸಾಕು, ರುಬ್ಬುವುದು ಅವತ್ತೇ ಆಗಲಿ. ಈ ಸಂಜೆಯ ಕೆಲಸಕ್ಕೆ ಮನೆಯ ಹುಡುಗರನ್ನು ಕೂರಿಸಲೇಬೇಕು. ಬೆಳ್ಳುಳ್ಳಿ ಬಿಡಿಸಲು ಯಾವ ಕೈಯಾದರೂ ಆದೀತು.

ಹೊಸತೊಡಕಿನ ಬೆಳಗ್ಗೆ ಐದಕ್ಕೆ ಮೈದುನ ಬಾಡು ತರುತ್ತಾನೆ. ತೊಳೆದು, ಅರಿಶಿನ, ಉಪ್ಪು ಸವರಿ ಫ್ರಿಜ್‌ನಲ್ಲಿಟ್ಟು ನಾನು ಶಾಲೆಗೆ ಹೊರಡುತ್ತೇನೆ. ಆಗಷ್ಟೇ ಕೊಯ್ದ ಮಾಂಸ ಕೆಲವು ಗಂಟೆ ಬಿಗಿಯುವುದರಿಂದ ಸಂಜೆಯವರೆಗೆ ತಣ್ಣಗಿದ್ದರೆ ಒಳ್ಳೆಯದೇ. ನಾಲ್ಕೂವರೆಗೆ ಒಲೆ ಹೊತ್ತಿಸಿದರೆ ಈರುಳ್ಳಿ, ಬಾಡು ತನ್ನ ನೀರು ಬಿಡುವುದು, ಖಾರ, ಆಮೇಲೆ ಕಾಯಿ, ಹೀಗೆ ಆರೂವರೆಗೆಲ್ಲ ಸಾರು ಕುದಿದು ಎಣ್ಣೆ ಮೇಲೆ ಬಂದಿರುತ್ತದೆ. ಬೋಟಿ ಗೊಜ್ಜು ಪಕ್ಕದ ಒಲೆಯಲ್ಲಿ ಕುಕ್ಕರಿನಲ್ಲೇ ಆಗುತ್ತದೆ.

ಕೊನೆಗೆ ಉಳಿಯುವುದು ಮುದ್ದೆ. ಅದನ್ನು ಬೆಳಗ್ಗೆಯೇ ಮಾಡಿಡಲಾಗದು, ಅವಸರವೂ ನಡೆಯದು. ಕುದಿಯುವ ನೀರಿಗೆ ಮೊದಲು ಸ್ವಲ್ಪ ಹಿಟ್ಟು ಕದಡಿ ಗಂಜಿಯಾಗಿಸಿ, ಮೇಲೆ ಹಿಟ್ಟನ್ನು ರಾಶಿ ಸುರಿದು, ಕೈಯಾಡಿಸದೆ ಬೇಯಲು ಬಿಟ್ಟು, ಆಮೇಲೆ ಕೋಲು ಹಾಕಿ ಗಂಟಿಲ್ಲದಂತೆ ತೊಳಸಬೇಕು. ಇಪ್ಪತ್ತು ಜನದ ಹಿಟ್ಟು ತೊಳಸಲು ತೋಳಿನ ಬಲ ಬೇಕು. ಅದು ನಮ್ಮ ಮನೆಯ ಗಂಡಸರ ಪಾಲು. ಎರಡು ಕಂತಿನಲ್ಲಿ ಮಾಡಿ, ಕೈಗೆ ತಣ್ಣೀರು ಸವರಿಕೊಂಡು ಕಟ್ಟಿ ಹಾಟ್‌ಬಾಕ್ಸ್‌ನಲ್ಲಿಟ್ಟರೆ ಗಂಟೆಯ ಕಾಲ ಬಿಸಿಯಾಗಿರುತ್ತದೆ. ಎಲ್ಲರೂ ಚಂದ್ರನನ್ನು ನೋಡಲು ಹತ್ತುವ ಹೊತ್ತಿಗೆ ಕೊನೆಯ ಮುದ್ದೆ ಕಟ್ಟಿ ಆಗಿರಬೇಕು.

ಬಡಿಸುವವರು ಯಾರೆಂದು ವಾರದ ಮೊದಲೇ ಹೇಳಿರುತ್ತೇನೆ: ನನ್ನ ಇಬ್ಬರು ಮಕ್ಕಳು, ನಾದಿನಿಯ ಮಗ, ಕಿರಿಯ ಅಳಿಯಂದಿರು. ಮೊದಲ ಪಂಕ್ತಿಯಲ್ಲಿ ಹಿರಿಯರು, ಮಕ್ಕಳು, ಅಡುಗೆ ಮಾಡಿದ ಹೆಂಗಸರು. ಮೊದಮೊದಲು ಹಿರಿಯ ಭಾವ ಒಬ್ಬರು "ಅಳಿಯಂದಿರ ಕೈಲಿ ಬಡಿಸೋದಾ?" ಎಂದು ಮುಖ ಗಂಟಿಕ್ಕಿದ್ದರು. ಈಗ ಅವರೇ ಸೌಟು ಹಿಡಿದು "ಇನ್ನೊಂದು ತುಂಡು ಹಾಕ್ಲೇನಮ್ಮ?" ಎಂದು ಕೇಳುತ್ತಾರೆ.

ಮಾರ್ಚ್-ಏಪ್ರಿಲ್ ಸೆಕೆಗೆ ಮಿಕ್ಕ ಸಾರು ಒಲೆಕಟ್ಟೆಯ ಮೇಲೆ ರಾತ್ರಿ ಉಳಿಯಬಾರದು. ಊಟವಾದ ಎರಡು ಗಂಟೆಯೊಳಗೆ ಚಿಕ್ಕಚಿಕ್ಕ ಡಬ್ಬಿಗೆ ಹಾಕಿ ಫ್ರಿಜ್‌ಗೆ ಸೇರಿಸಿ, ತೆಗೆದಾಗ ಚೆನ್ನಾಗಿ ಕುದಿಸಿ. ಹೆಣ್ಣುಮಕ್ಕಳಿಗೆ ಕಟ್ಟಿಕೊಡುವ ಡಬ್ಬಿಗಳನ್ನು ಮೊದಲೇ ಎಣಿಸಿಟ್ಟಿರಿ. ದೋಸೆ ಹಿಟ್ಟನ್ನು ಯುಗಾದಿಯ ದಿನವೇ ರುಬ್ಬಿ, ಹುಳಿ ಬಂದ ಮೇಲೆ ಫ್ರಿಜ್‌ನಲ್ಲಿಟ್ಟಿದ್ದರೆ ಮೂರನೇ ದಿನದ ಬೆಳಗ್ಗೆ ತಿಂಡಿಗೆ ಏನು ಎಂದು ಕೇಳುವವರೇ ಇರುವುದಿಲ್ಲ.