ಮನೋರೋಗ: ಊರಿನಲ್ಲೇ ಆರೈಕೆ ಸಾಧ್ಯ

ಮಲೆನಾಡಿನ ಒಂಟಿಮನೆಗಳಲ್ಲಿ ಮನಸ್ಸಿನ ಕಾಯಿಲೆ ಬೇಗ ಹೊರಗೆ ಕಾಣುವುದಿಲ್ಲ. ಸಾಗರ, ಹೊಸನಗರ, ತೀರ್ಥಹಳ್ಳಿ ತಾಲ್ಲೂಕುಗಳಲ್ಲಿ ಒಂದು ಮನೆಗೂ ಮತ್ತೊಂದಕ್ಕೂ ನಡುವೆ ತೋಟ, ಗದ್ದೆ, ಹಳ್ಳ. ಮಗ ಊಟ ಬಿಟ್ಟು ಕೋಣೆ ಸೇರಿದರೂ, ಸೊಸೆ ತನ್ನಷ್ಟಕ್ಕೆ ಮಾತಾಡತೊಡಗಿದರೂ ಮನೆಯವರು ಮುಚ್ಚಿಡುತ್ತಾರೆ. ಮೊದಲು ಹರಕೆ, ನಿಮಿತ್ತ. ಆಮೇಲೆ ಮನೆಯ ಹೆಣ್ಣುಮಕ್ಕಳ ಮದುವೆಗೆ ಅಡ್ಡಿಯಾದೀತೆಂಬ ಅಂಜಿಕೆ. ಹೀಗೆ ಚಿಕಿತ್ಸೆಯಿಲ್ಲದೆ ವರ್ಷಗಳೇ ಉರುಳುತ್ತವೆ.

ಲಕ್ಷಣಗಳೇನು?

ಸ್ಕಿಜೋಫ್ರೇನಿಯಾ ತೀವ್ರ ಮನೋರೋಗಗಳಲ್ಲೊಂದು. ಸಾಮಾನ್ಯವಾಗಿ ಹರೆಯದಲ್ಲಿ ತಲೆದೋರುತ್ತದೆ. ಇಲ್ಲದ ದನಿಗಳು ಕೇಳಿಸುವುದು, ವಿನಾಕಾರಣ ಸಂಶಯ, ನಿದ್ದೆಗೇಡು, ಸ್ನಾನ–ಕೆಲಸಗಳಲ್ಲಿ ನಿರಾಸಕ್ತಿ ಇದರ ಲಕ್ಷಣಗಳು. ಇದು ದೆವ್ವದ ಕಾಟವಲ್ಲ, ಸೋಮಾರಿತನವೂ ಅಲ್ಲ. ಮಿದುಳಿನ ಕಾರ್ಯದಲ್ಲಾಗುವ ಏರುಪೇರು. ಮದುವೆ ಮಾಡಿದರೆ ಸರಿಹೋಗುತ್ತದೆಂಬ ನಂಬಿಕೆ ಎರಡು ಬಾಳುಗಳನ್ನು ಕೆಡಿಸಬಲ್ಲದು.

ತೀರ್ಥಹಳ್ಳಿ ಕಲಿಸಿದ ಪಾಠ

ಬೆಂಗಳೂರಿನ ನಿಮ್ಹಾನ್ಸ್ ವೈದ್ಯರು ತೀರ್ಥಹಳ್ಳಿ ತಾಲ್ಲೂಕಿನಲ್ಲಿ ಸ್ಕಿಜೋಫ್ರೇನಿಯಾ ರೋಗಿಗಳನ್ನು ಅವರ ಊರಿನಲ್ಲೇ ಗುರುತಿಸಿ, ಚಿಕಿತ್ಸೆ ನೀಡಿ, ಅಧ್ಯಯನ ನಡೆಸಿದರು. 2009ರಲ್ಲಿ ಪ್ರಕಟವಾದ ಅದರ ಫಲಿತಾಂಶ ಪ್ರತಿ ಮನೆಗೂ ತಿಳಿಯಬೇಕು. ಔಷಧ ಪಡೆಯುತ್ತಿದ್ದವರಲ್ಲಿ ಅಂಗವೈಕಲ್ಯದ ಪ್ರಮಾಣ ಕಡಿಮೆಯಿತ್ತು. ಔಷಧವಿಲ್ಲದೆ ಉಳಿದಿದ್ದವರಲ್ಲಿ ಚಿಕಿತ್ಸೆ ಆರಂಭಿಸಿದವರು ಸುಧಾರಿಸಿದರು. ಆರಂಭಿಸದವರ ಸ್ಥಿತಿ ಹಾಗೆಯೇ ಉಳಿಯಿತು. ಇಲ್ಲಿ ಅಂಗವೈಕಲ್ಯವೆಂದರೆ ಕೈಕಾಲಿನ ಊನವಲ್ಲ. ತನ್ನ ಕೆಲಸ ತಾನು ಮಾಡಿಕೊಳ್ಳಲು, ದುಡಿಯಲು, ನಾಲ್ಕು ಜನರೊಡನೆ ಬೆರೆಯಲು ಆಗದ ಸ್ಥಿತಿ. ತಡವಾಗಿ ಆರಂಭಿಸಿದ ಚಿಕಿತ್ಸೆಯೂ ವ್ಯರ್ಥವಲ್ಲ ಎಂಬುದೇ ಸಮಾಧಾನದ ಸಂಗತಿ.

ಎಲ್ಲಿಗೆ ಹೋಗಬೇಕು?

ಮೊದಲು ಊರಿನ ಆಶಾ ಕಾರ್ಯಕರ್ತೆಗೆ ಅಥವಾ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ತಿಳಿಸಿ. ‘ಮನೋಚೈತನ್ಯ’ ಕಾರ್ಯಕ್ರಮದಡಿ ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರ ಮನೋವೈದ್ಯರ ಸೇವೆ ಒದಗಿಸುವ ಏರ್ಪಾಡಿದೆ, ವಿಚಾರಿಸಿಕೊಂಡೇ ಹೊರಡಿ. ಹೆಚ್ಚಿನ ಚಿಕಿತ್ಸೆಗೆ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆ ಇದೆ. ಉಚಿತ ಸಲಹೆಗೆ ಟೆಲಿಮಾನಸ್ ಸಂಖ್ಯೆ 14416ಕ್ಕೆ ಹಗಲಿರುಳೂ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು. ರೋಗಿ ಸಾಯುವ ಮಾತಾಡಿದರೆ ಒಬ್ಬಂಟಿಯಾಗಿ ಬಿಡದೆ ತಕ್ಷಣ ಆಸ್ಪತ್ರೆಗೆ ಕರೆದೊಯ್ಯಿರಿ. ತೋಟದ ಔಷಧ, ಕೀಟನಾಶಕಗಳನ್ನು ಬೀಗ ಹಾಕಿಡಿ.

ಪಂಚಾಯಿತಿಯ ಪಾತ್ರ

2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಗುರುತಿಸುವ 21 ಬಗೆಯ ಅಂಗವೈಕಲ್ಯಗಳಲ್ಲಿ ಮನೋರೋಗವೂ ಒಂದು. ವೈದ್ಯರ ತಪಾಸಣೆಯಲ್ಲಿ ವೈಕಲ್ಯ ಶೇ 40 ಅಥವಾ ಹೆಚ್ಚೆಂದು ಕಂಡುಬಂದರೆ ಹಲವು ಸೌಲಭ್ಯಗಳಿಗೆ ಅರ್ಹತೆ ದೊರೆಯುತ್ತದೆ. ಗುರುತಿನ ಚೀಟಿ, ಮಾಸಾಶನದ ಅರ್ಜಿಗೆ ಗ್ರಾಮ ಪಂಚಾಯಿತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರ ನೆರವು ಪಡೆಯಿರಿ. ಅಂಗವಿಕಲರಿಗಾಗಿ ಪಂಚಾಯಿತಿ ಮೀಸಲಿಡಬೇಕಾದ ಹಣದಲ್ಲಿ ಮನೋರೋಗಿಗಳಿಗೂ ಪಾಲು ಸಿಗಬೇಕೆಂದು ಗ್ರಾಮಸಭೆಯಲ್ಲಿ ಕೇಳಿ. ರೋಗಿಯನ್ನು ಸರಪಳಿಯಿಂದ ಕಟ್ಟುವುದನ್ನು 2017ರ ಮಾನಸಿಕ ಆರೋಗ್ಯ ಕಾಯ್ದೆ ನಿಷೇಧಿಸಿದೆ.

ಮನೆಯವರು ನೆನಪಿಡಿ

* ಗುಣ ಕಂಡಿತೆಂದು ಗುಳಿಗೆ ನಿಲ್ಲಿಸಬೇಡಿ. ರೋಗ ಮರುಕಳಿಸಲು ಮುಖ್ಯ ಕಾರಣ ಇದೇ.
* ಮಳೆಗಾಲದಲ್ಲಿ ಬಸ್ಸು ನಿಂತರೆ ಗುಳಿಗೆಯೂ ನಿಲ್ಲುತ್ತದೆ. ವೈದ್ಯರನ್ನು ಕೇಳಿ, ಆಷಾಢಕ್ಕೆ ಮೊದಲೇ ಸಾಕಷ್ಟು ಔಷಧ ತಂದಿಡಿ.
* ಕೈನಡುಕ, ಮಂಪರು, ಮೈತೂಕ ಹೆಚ್ಚಳ ಕಂಡರೆ ವೈದ್ಯರಿಗೆ ಹೇಳಿ. ಔಷಧ ಬದಲಿಸಬಹುದು.
* ಬೈಗುಳ, ಹೋಲಿಕೆ ಬೇಡ. ಅಡಿಕೆ ಆರಿಸುವುದು, ದನಕ್ಕೆ ಹುಲ್ಲು ಹಾಕುವಂಥ ಸಣ್ಣ ಕೆಲಸ ಕೊಟ್ಟು, ಮಾಡಿದಾಗ ಮೆಚ್ಚಿಕೊಳ್ಳಿ.
* ದೇವರಲ್ಲಿ ನಂಬಿಕೆಯಿದ್ದರೆ ಇರಲಿ, ಗುಳಿಗೆ ತಪ್ಪದಿರಲಿ.

ರೋಗಿಯನ್ನು ನೋಡಿಕೊಳ್ಳುವವರು ಸಾಮಾನ್ಯವಾಗಿ ವಯಸ್ಸಾದ ತಾಯಿ, ಇಲ್ಲವೇ ಹೆಂಡತಿ. ವಾರಕ್ಕೊಂದು ದಿನ ಅವರ ಹೊಣೆ ಹೊರಲು ಅಣ್ಣತಮ್ಮಂದಿರು, ನೆರೆಯವರು ಮುಂದಾದರೆ ಅದೂ ಚಿಕಿತ್ಸೆಯ ಒಂದು ಭಾಗವೇ.