ಗುಣಾಕಾರದ ಗುಟ್ಟು

ಶಿರಸಿ, ಸಿದ್ದಾಪುರ, ಯಲ್ಲಾಪುರಗಳ ಅಡಿಕೆ ವ್ಯಾಪಾರ ಗುಣಾಕಾರವಿಲ್ಲದೆ ಒಂದು ದಿನವೂ ಸಾಗದು. ಚಾಲಿಯಾಗಲಿ, ರಾಶಿಯಾಗಲಿ, ತೂಕವನ್ನು ದರದಿಂದ ಗುಣಿಸಿದಲ್ಲದೆ ಬೆಳೆಗಾರನ ವರ್ಷದ ದುಡಿಮೆಗೆ ಬೆಲೆ ಕಟ್ಟುವಂತಿಲ್ಲ. ಅದು ನಾಲ್ಕಾರು ಅಂಕೆಗಳ ಲೆಕ್ಕ. ಮಗ್ಗಿ ಬಲ್ಲ ಬಾಲಕನೂ ಮಾಡಿಯಾನು. ಆದರೆ ಆ ಹಣವು ಬ್ಯಾಂಕು ಸೇರಿದ ಮೇಲೆ, ಬೆಳೆಗಾರನು ಮನೆಯ ಜಗಲಿಯಲ್ಲಿ ಕುಳಿತು ಮೊಬೈಲಿನಲ್ಲಿ ತನ್ನ ಖಾತೆಯನ್ನು ತೆರೆಯುವಾಗ, ಅವನ ಕಣ್ಣಿಗೆ ಬೀಳದಂತೆ ಇನ್ನೊಂದು ಬಗೆಯ ಗುಣಾಕಾರ ನಡೆಯುವುದುಂಟು. ಅದರ ಅಂಕೆಗಳು ನಾಲ್ಕಾರಲ್ಲ, ಆರುನೂರಕ್ಕೂ ಮಿಕ್ಕು!

ಇಷ್ಟು ದೊಡ್ಡ ಸಂಖ್ಯೆಗಳೇಕೆ? ಖಾತೆಯ ಗುಟ್ಟನ್ನು ಕಾಯುವ ಬೀಗಕ್ಕಾಗಿ. ಇಂಥ ಬೀಗಗಳಲ್ಲಿ ಬಹು ಪ್ರಸಿದ್ಧವಾದ ಒಂದನ್ನು 1977ರಲ್ಲಿ ರಿವೆಸ್ಟ್, ಶಮೀರ್, ಏಡಲ್‌ಮನ್ ಎಂಬ ಮೂವರು ರೂಪಿಸಿದರು. ಎರಡು ದೊಡ್ಡ ಅವಿಭಾಜ್ಯ ಸಂಖ್ಯೆಗಳನ್ನು ಗುಣಿಸುವುದು ಸುಲಭ. ಗುಣಲಬ್ಧದಿಂದ ಮೂಲ ಸಂಖ್ಯೆಗಳನ್ನು ಹುಡುಕಿ ತೆಗೆಯುವುದು ಅತಿ ಕಠಿನ. ಸುಲಿದ ಅಡಿಕೆಯನ್ನು ಮರಳಿ ಸಿಪ್ಪೆಯೊಳಗೆ ಕೂಡಿಸಲಾಗದಷ್ಟೇ ಕಠಿನ ಎನ್ನೋಣ. ಈ ಬೀಗದ ಸಂಖ್ಯೆಯು ಸಾಮಾನ್ಯವಾಗಿ ಸೊನ್ನೆ–ಒಂದುಗಳ 2048 ಸ್ಥಾನಗಳದು. ನಮ್ಮ ದಶಮಾನದಲ್ಲಿ 617 ಅಂಕೆಗಳು. ಒಮ್ಮೆ ಬೀಗ ತೆರೆಯಲು ಸಾವಿರಾರು ಗುಣಾಕಾರಗಳು ಬೇಕು. ಲೆಕ್ಕ ನಿಧಾನವಾದರೆ ಗಿರಾಕಿ ಕಾಯಬೇಕು. ವೇಗದ ಆಸೆಗೆ ಸಂಖ್ಯೆಯನ್ನು ಚಿಕ್ಕದು ಮಾಡಿದರೆ ಕಳ್ಳನಿಗೆ ಅನುಕೂಲ. ಹೀಗಾಗಿ ಗುಣಾಕಾರದ ವೇಗವೆಂಬುದು ಪಂಡಿತರ ವಿನೋದ ಮಾತ್ರವಲ್ಲ, ನಮ್ಮ ನಿಮ್ಮ ಗಂಟಿನ ಮಾತು.

ನೃಪತುಂಗನ ಕಾಲದ ಹಾರ

ಗುಣಾಕಾರದ ಚಮತ್ಕಾರವು ಕನ್ನಡ ನಾಡಿಗೆ ಹೊಸತಲ್ಲ. ಇಂದು ಶಿರಸಿ ತಾಲೂಕಿಗೆ ಸೇರಿದ ಬನವಾಸಿಯ ಸೀಮೆಯು ರಾಷ್ಟ್ರಕೂಟ ಚಕ್ರವರ್ತಿ ನೃಪತುಂಗನ ಆಳಿಕೆಯಲ್ಲಿದ್ದ ಒಂಬತ್ತನೆಯ ಶತಮಾನದಲ್ಲಿ ಮಹಾವೀರಾಚಾರ್ಯನು ‘ಗಣಿತಸಾರಸಂಗ್ರಹ’ವನ್ನು ರಚಿಸಿ, ಅದರಲ್ಲಿ ಆ ಅರಸನನ್ನು ಕೊಂಡಾಡಿದನು. ಗುಣಲಬ್ಧವು ಕೊರಳ ಹಾರದಂತೆ ಎರಡು ಕಡೆಯಿಂದಲೂ ಒಂದೇ ಆಗಿ ತೋರುವ ಲೆಕ್ಕಗಳು ಅಲ್ಲಿವೆ: 139ನ್ನು 109ರಿಂದ ಗುಣಿಸಿದರೆ 15151, 152207ನ್ನು 73ರಿಂದ ಗುಣಿಸಿದರೆ 11111111. ವಾಚಕರು ಪರೀಕ್ಷಿಸಿ ನೋಡಬಹುದು.

ಅಂಕೆಗಳನ್ನು ಬರೆದಿಡುವ ಕ್ರಮ ದೇಶದಿಂದ ದೇಶಕ್ಕೆ ಬೇರೆಯಾದರೂ, ಶಾಲೆಯಲ್ಲಿ ನಾವೆಲ್ಲ ಕಲಿತ ತತ್ತ್ವ ಒಂದೇ: ಒಂದು ಸಂಖ್ಯೆಯ ಪ್ರತಿಯೊಂದು ಅಂಕೆಯೂ ಇನ್ನೊಂದರ ಪ್ರತಿಯೊಂದು ಅಂಕೆಯನ್ನು ಸಂಧಿಸಲೇಬೇಕು. 617 ಅಂಕೆಗಳ ಎರಡು ಸಂಖ್ಯೆಗಳಾದರೆ 3,80,689 ಚಿಕ್ಕ ಗುಣಾಕಾರಗಳು! ಇದಕ್ಕಿಂತ ಹತ್ತಿರದ ದಾರಿ ಇರಲಾರದೆಂದೇ ಬಲ್ಲವರು ಬಗೆದಿದ್ದರು.

ಒಂದು ವಾರದ ಸಾಹಸ

1960ರಲ್ಲಿ ಮಾಸ್ಕೋ ವಿಶ್ವವಿದ್ಯಾಲಯದ ಗೋಷ್ಠಿಯೊಂದರಲ್ಲಿ ಜಗದ್ವಿಖ್ಯಾತ ಗಣಿತಜ್ಞ ಕೊಲ್ಮೊಗೊರೊವ್ ಇದೇ ಊಹೆಯನ್ನು ಮುಂದಿಟ್ಟರು. ಸಭೆಯಲ್ಲಿದ್ದ ಇಪ್ಪತ್ತಮೂರರ ತರುಣ ಅನಾತೊಲಿ ಕರಟ್ಸುಬಾ ಒಂದು ವಾರದೊಳಗಾಗಿ ಹತ್ತಿರದ ದಾರಿಯನ್ನೇ ಕಂಡುಹಿಡಿದು ತಂದನು! ಗುರುಗಳು ಮುನಿಯಲಿಲ್ಲ, ಮುಂದಿನ ಗೋಷ್ಠಿಯಲ್ಲಿ ತಾವೇ ಅದನ್ನು ವಿವರಿಸಿದರು. 1962ರಲ್ಲಿ ಶಿಷ್ಯನ ಹೆಸರಿನಲ್ಲಿ ತಾವೇ ಲೇಖನ ಬರೆದು ಪ್ರಕಟಿಸಿದರು. ಅಚ್ಚಾದ ಪ್ರತಿ ಕೈಗೆ ಬಂದಾಗಲೇ ಶಿಷ್ಯನಿಗೆ ಸಂಗತಿ ತಿಳಿದದ್ದು.

ಆ ಉಪಾಯ ಸರಳ. 23 ಚೀಲ ಅಡಿಕೆ, ಚೀಲಕ್ಕೆ 41 ಕಿಲೋ ಎಂದಿಟ್ಟುಕೊಳ್ಳಿ. ಶಾಲೆಯ ಕ್ರಮದಲ್ಲಿ ನಾಲ್ಕು ಗುಣಾಕಾರ ಬೇಕು. ಕರಟ್ಸುಬಾನಿಗೆ ಮೂರು ಸಾಕು. ಮುಂದಿನ ಅಂಕೆಗಳನ್ನು ಗುಣಿಸಿ: 2 × 4 = 8. ಹಿಂದಿನವನ್ನು ಗುಣಿಸಿ: 3 × 1 = 3. ಆಯಾ ಸಂಖ್ಯೆಯ ಅಂಕೆಗಳನ್ನು ಕೂಡಿಸಿ ಗುಣಿಸಿ: 5 × 5 = 25. ಇದರಿಂದ ಮೊದಲಿನ ಎರಡನ್ನೂ ಕಳೆದರೆ ಉಳಿಯುವುದು 14. ಇನ್ನು 8 ನೂರು, 14 ಹತ್ತು, 3 ಬಿಡಿ — ಒಟ್ಟು 943 ಕಿಲೋ. ಉಳಿದದ್ದು ಒಂದೇ ಗುಣಾಕಾರವಾದರೂ, ದೊಡ್ಡ ಸಂಖ್ಯೆಯನ್ನು ಅರ್ಧಕ್ಕೆ, ಅರ್ಧವನ್ನು ಕಾಲಿಗೆ ಸೀಳುತ್ತ ಹೋದಂತೆ ಉಳಿತಾಯವು ಹಂತಹಂತಕ್ಕೂ ಬೆಳೆಯುತ್ತದೆ.

ಯಂತ್ರದ ಮರ್ಜಿ

ಇಂದಿನ ಪ್ರೊಸೆಸರು ಒಂದೊಂದೇ ಅಂಕೆಯನ್ನು ಗುಣಿಸುವುದಿಲ್ಲ; 64 ದ್ವಿಮಾನ ಸ್ಥಾನಗಳ ತುಂಡನ್ನೇ ಒಮ್ಮೆಗೆ ನುಂಗುತ್ತದೆ. ಆದ್ದರಿಂದ ನಮ್ಮ ಬೀಗದ ಸಂಖ್ಯೆ ಅದಕ್ಕೆ 32 ತುಂಡುಗಳು ಮಾತ್ರ. ಹಳೆಯ ಕ್ರಮಕ್ಕೆ 1024 ಗುಣಾಕಾರ. ಕರಟ್ಸುಬಾ ಕ್ರಮವನ್ನು ಕೊನೆಯವರೆಗೆ ನಡೆಸಿದರೆ 243. ಆದರೂ ಕೊನೆಯವರೆಗೆ ನಡೆಸುವುದು ಲಾಭವಲ್ಲ! ಈ ಯಂತ್ರಗಳಿಗೆ ಗುಣಾಕಾರವೇ ಅಗ್ಗವಾಗಿರುವುದರಿಂದ, ಹೆಚ್ಚಿನ ಕೂಡುವ ಕಳೆಯುವ ಕೆಲಸ ಉಳಿತಾಯವನ್ನು ತಿಂದುಹಾಕುತ್ತದೆ. ಸಂಖ್ಯೆ ಚಿಕ್ಕದಾದರೆ ಶಾಲೆಯ ಕ್ರಮ, ದೊಡ್ಡದಾದರೆ ಹೊಸ ಕ್ರಮ. ಗಡಿ ಎಲ್ಲಿಯೆಂಬುದನ್ನು ಆಯಾ ಪ್ರೊಸೆಸರಿನಲ್ಲಿಯೇ ಅಳೆದು ಗೊತ್ತುಮಾಡುವ ತಂತ್ರಾಂಶಗಳಿವೆ.

ಇನ್ನೊಂದು ತೊಡಕು ದಶಕದ್ದು. ಹಿಂದಿನ ಸ್ಥಾನದ ದಶಕ ಬಾರದೆ ಮುಂದಿನ ಸ್ಥಾನದ ಲೆಕ್ಕ ಮುಗಿಯದು. ಎಂಟು ಗುಣಾಕಾರಗಳನ್ನು ಏಕಕಾಲಕ್ಕೆ ಮಾಡಬಲ್ಲ ಪ್ರೊಸೆಸರುಗಳು ಬಂದಿವೆಯಾದರೂ, ಎಂಟು ಆಳುಗಳು ಸಾಲಾಗಿ ಒಬ್ಬನಿಗಾಗಿ ಒಬ್ಬ ಕಾದು ನಿಂತರೆ ಫಲವೇನು? ಇದಕ್ಕೆ ಹೂಡಿದ ಹಂಚಿಕೆ ನಮ್ಮ ಅಡಿಕೆ ಚೀಲದ್ದೇ. ಚೀಲವನ್ನು ಬಾಯಿತನಕ ತುಂಬದೆ ಕಟ್ಟಲು ಜಾಗ ಬಿಡುವಂತೆ, 64 ಸ್ಥಾನಗಳ ಮನೆಯಲ್ಲಿ 52 ಸ್ಥಾನಗಳನ್ನಷ್ಟೇ ತುಂಬುತ್ತಾರೆ. ದಶಕಗಳು ಆ ಬಿಡುವಿನಲ್ಲಿ ತಂಗಿರುತ್ತವೆ. ಕೊನೆಗೆ ಒಮ್ಮೆಲೇ ಅವುಗಳ ಇತ್ಯರ್ಥ. ಚೀಲಗಳು 32ರಿಂದ 40ಕ್ಕೆ ಏರಿದರೂ ಒಟ್ಟು ಕೆಲಸ ಬೇಗ ಮುಗಿಯುತ್ತದೆ.

ದಾರಿ ಇಲ್ಲಿಗೇ ನಿಂತಿಲ್ಲ. 1971ರಲ್ಲಿ ಜರ್ಮನಿಯ ಶೋನ್‌ಹಾಗೆ, ಸ್ಟ್ರಾಸೆನ್ ಇನ್ನೂ ವೇಗದ ಕ್ರಮವನ್ನು ತೋರಿಸಿದರು. 2008ರಲ್ಲಿ ನಮ್ಮ ದೇಶದ ನಾಲ್ವರು ಹೊಸದೊಂದು ಬಗೆಯನ್ನು ಮುಂದಿಟ್ಟರು. ಅವರಲ್ಲೊಬ್ಬರಾದ ಚಂದನ್ ಸಾಹಾ ಮುಂದೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಧ್ಯಾಪಕರಾದರು. 2019ರಲ್ಲಿ ಹಾರ್ವಿ, ವಾನ್ ಡೆರ್ ಹೂವೆನ್ ಇವರು, ತಜ್ಞರು ಬಹುಕಾಲದಿಂದ ಕೊನೆಯ ಮೆಟ್ಟಿಲೆಂದು ಊಹಿಸಿದ್ದ ವೇಗವನ್ನೇ ಮುಟ್ಟಿದರು; ಆದರೆ ನಿತ್ಯದ ಲೆಕ್ಕಕ್ಕೆ ಅದು ಒದಗುವುದಿಲ್ಲ.

ಯಂತ್ರ ಎಷ್ಟೇ ಚುರುಕಾಗಿರಲಿ, ಮಾಡಬೇಕಾಗಿಲ್ಲದ ಕೆಲಸ ಯಾವುದೆಂದು ಗುರುತಿಸಿದ್ದು ಮನುಷ್ಯನ ಬುದ್ಧಿ. ಮಗ್ಗಿ ಒಪ್ಪಿಸುವ ಮಗು ‘ಇದಕ್ಕಿಂತ ಹತ್ತಿರದ ದಾರಿ ಇಲ್ಲವೆ?’ ಎಂದು ಕೇಳಿದರೆ ಗದರಿಸದಿರೋಣ. ಮಾಸ್ಕೋದ ಆ ತರುಣನು ಕೇಳಿದ್ದೂ ಇದನ್ನೇ ಅಲ್ಲವೆ?